ವಾರ್ಡಿನ ತಂಡ ಬಂದರೂ ಮೊದಲ ಫೋನ್ 112ಕ್ಕೇ

"ತುಮಕೂರಲ್ಲಿ ಇನ್ನು ಅವಘಡ ಆದರೆ 112 ಬೇಡ, ವಾರ್ಡಿನ ಸ್ವಯಂಸೇವಕರನ್ನೇ ಕರೆಯಿರಿ" ಅಂತ ಒಂದು ವಾಟ್ಸಾಪ್ ಸಂದೇಶ ಓಡಾಡುತ್ತಿದೆ. ವಾರ್ಡಿನ ಈ ಸ್ವಯಂಸೇವಕರ ತಂಡ ಕಟ್ಟುತ್ತಿರುವವರಲ್ಲಿ ನಾನೂ ಒಬ್ಬಳು. ಆ ಮಾತು ತಪ್ಪು. ದಯವಿಟ್ಟು ಯಾರಿಗೂ ಕಳಿಸಬೇಡಿ.

ಮೊದಲ ಕರೆ 112ಕ್ಕೇ. ಆಂಬುಲೆನ್ಸ್ ಬೇಕಿದ್ದರೆ 108. ನಮ್ಮ ಕೆಲಸ ಅವರು ಬರುವ ತನಕದ್ದು. ರಕ್ತ ಸುರಿಯುತ್ತಿದ್ದರೆ ಶುಭ್ರ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯುತ್ತೇವೆ. ಗ್ಯಾಸ್ ಸೋರಿದರೆ ಸ್ವಿಚ್ ಮುಟ್ಟದೆ ಎಲ್ಲರನ್ನೂ ಹೊರಗೆ ಕಳಿಸುತ್ತೇವೆ. ಎಚ್ಚರ ತಪ್ಪಿ ಉಸಿರು ನಿಂತವರಿಗೆ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಹೇಳಿದಷ್ಟು ಸುಲಭ ಅಲ್ಲ ಅದು. ಎರಡು ನಿಮಿಷಕ್ಕೇ ತೋಳು ಸೋಲುತ್ತದೆ, ಕೈ ಬದಲಿಸಲು ಇನ್ನೊಬ್ಬರು ಬೇಕೇ ಬೇಕು. ತಂಡ ಅಂತ ಕಟ್ಟುತ್ತಿರುವುದೇ ಅದಕ್ಕೆ, ಅಲ್ವಾ? ಉರಿಯುವ ಮನೆಗೆ ನುಗ್ಗುವುದು, ಅಮಾನಿಕೆರೆಗೆ ಹಾರುವುದು ನಮ್ಮ ಕೆಲಸವಲ್ಲ.

"ಅಪಘಾತದಲ್ಲಿ ಬಿದ್ದವರನ್ನು ಮುಟ್ಟಿದರೆ ಕೇಸು" ಅಂತಲೂ ಆ ವಾಟ್ಸಾಪ್ ಸಂದೇಶದಲ್ಲಿದೆ. ಸುಮ್ನೆ ಹೆದರಿಸುವ ಮಾತು. 2019ರ ಮೋಟಾರು ವಾಹನ ತಿದ್ದುಪಡಿ ಕಾಯ್ದೆಯ 134ಎ ಕಲಂ, ಒಳ್ಳೆಯ ಮನಸ್ಸಿನಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕು ಎಂಬ ಒತ್ತಾಯವೂ ಇಲ್ಲ.

ತಂಡ ಸೇರಲು ದುಡ್ಡು ಕೊಡಬೇಕಿಲ್ಲ. ಸಂಬಳವೂ ಇಲ್ಲ.