ಬ್ರೊಕೊಲಿಗೆ ಬಂದ ಗತ್ತು

ಕೋಸು, ಬ್ರೊಕೊಲಿ, ಮೂಲಂಗಿ ತಿಂದರೆ ಕುಗ್ಗಿದ ರೋಗನಿರೋಧಕ ಶಕ್ತಿ ಚೇತರಿಸಿಕೊಳ್ಳುತ್ತದೆ ಎಂಬ ಸುದ್ದಿ ಮತ್ತೆ ಎಲ್ಲರ ಮೊಬೈಲಿನಲ್ಲಿ ಓಡಾಡುತ್ತಿದೆ. ಮುಂಬೈಯ ಮಾಟುಂಗಾದ ತರಕಾರಿ ಸಾಲಿನಲ್ಲಿ ಬ್ರೊಕೊಲಿಗೆ ಬಂದಿರುವ ಗತ್ತನ್ನು ನೋಡಬೇಕು. ಪಕ್ಕದಲ್ಲೇ ಕೂತಿರುವ ಬಸಳೆಯನ್ನು ಮಾತನಾಡಿಸುವುದಿಲ್ಲ.

ವಿಜ್ಞಾನಿಗಳ ಮೇಲೆ ನನ್ನ ತಕರಾರಿಲ್ಲ. 2011ರಲ್ಲಿ ಇಂಗ್ಲೆಂಡಿನಲ್ಲಿ ಇಲಿಗಳ ಆಹಾರದಿಂದ ಕೋಸಿನ ಜಾತಿಯ ತರಕಾರಿಗಳನ್ನು ತೆಗೆದುಹಾಕಿದರು. ಎರಡು ಮೂರು ವಾರಗಳಲ್ಲಿ ಕರುಳಿನ ಒಳಪದರವನ್ನು ಕಾಯುವ ಕೋಶಗಳಲ್ಲಿ ಶೇಕಡಾ 70ರಿಂದ 80ರಷ್ಟು ಮಾಯವಾದವು. ಇನ್ನು ಬ್ರೊಕೊಲಿಗೆ ಈ ಹೆಸರು ತಂದುಕೊಟ್ಟ ಸಲ್ಫೊರಾಫೇನ್ ಎಂಬ ರಾಸಾಯನಿಕವೊಂದಿದೆ. ಅದು ಬ್ರೊಕೊಲಿಯೊಳಗೆ ಸಿದ್ಧವಾಗಿ ಕೂತಿರುವುದಿಲ್ಲ. ಹೆಚ್ಚಿದಾಗ, ಅಗಿದಾಗ ಮೈರೋಸಿನೇಸ್ ಎಂಬ ಕಿಣ್ವ ಅದನ್ನು ಹುಟ್ಟಿಸುತ್ತದೆ. ಜಾಸ್ತಿ ಬೇಯಿಸಿದರೆ ಕಿಣ್ವದ ಕತೆ ಮುಗಿಯಿತು. ಹಸಿ ಸಾಸಿವೆಯಲ್ಲೂ ಈ ಕಿಣ್ವವಿದೆ. ನೋಡಿದಿರಾ, ಹಸಿ ಸಾಸಿವೆ ಅರೆದು ಹಾಕುತ್ತಿದ್ದ ನಮ್ಮ ಅಜ್ಜಿಯಂದಿರಿಗೆ ಎಲ್ಲವೂ ಗೊತ್ತಿತ್ತು ಎಂದು ಯಾರಾದರೂ ಎದ್ದು ನಿಲ್ಲುವ ಮೊದಲೇ ಹೇಳಿಬಿಡುತ್ತೇನೆ: ಅಜ್ಜಿ ಮೂಲಂಗಿ ಸಾಸಿವೆ ಮಾಡುತ್ತಿದ್ದದ್ದು ಅಂದು ಮನೆಯಲ್ಲಿ ಬೇರೆ ತರಕಾರಿ ಇಲ್ಲದ್ದಕ್ಕೆ.

ಈ ಹುಚ್ಚು ನಮಗೆ ಹೊಸದಲ್ಲ. 2020ರಲ್ಲಿ ಕೇಂದ್ರ ಸಚಿವ ಅರ್ಜುನ್ ರಾಮ್ ಮೇಘವಾಲ್ ಅವರು ಹಪ್ಪಳದ ಪೊಟ್ಟಣ ಎತ್ತಿ ಹಿಡಿದು, ಇದು ಕೊರೊನಾ ವಿರುದ್ಧ ಪ್ರತಿಕಾಯ ಬೆಳೆಸುತ್ತದೆ ಎಂದರು. ಕೆಲವೇ ದಿನಗಳಲ್ಲಿ ಅವರಿಗೇ ಕೊರೊನಾ ಬಂತು. ಹಪ್ಪಳವನ್ನು ಕರಿದು ತಿಂದಿದ್ದರೋ ಸುಟ್ಟು ತಿಂದಿದ್ದರೋ, ಆ ಸಂಶೋಧನೆ ಅಲ್ಲಿಗೇ ನಿಂತಿತು. ಅದೇ ವರ್ಷ ಮಧ್ಯಪ್ರದೇಶದ ಕೈಮಗ್ಗ ನಿಗಮ ರೋಗನಿರೋಧಕ ಸೀರೆಯನ್ನೇ ಮಾರುಕಟ್ಟೆಗೆ ಬಿಟ್ಟಿತು. ಫಾಲ್ ಹೊಲಿಸಿದರೆ ಶಕ್ತಿ ಹೆಚ್ಚುತ್ತದೆಯೇ ಎಂದು ನಮ್ಮ ಅತ್ತಿಗೆ ಕೇಳಿದ್ದರು.

ಇರಲಿ, ತರಕಾರಿಗೇ ಮರಳೋಣ. ಲೋಕಲ್ ರೈಲಿನ ಕಿಟಕಿಯಿಂದ ಕಾಣುತ್ತಿದ್ದ ಹಸಿರು ಮಡಿಗಳು ನಿಮಗೂ ಗೊತ್ತು. ಹೆಚ್ಚು ಆಹಾರ ಬೆಳೆಯಿರಿ ಎಂಬ ಯೋಜನೆಯಲ್ಲಿ ರೈಲ್ವೆ ತನ್ನ ನೌಕರರಿಗೆ ಹಳಿ ಪಕ್ಕದ ಜಾಗ ಕೊಟ್ಟಿತ್ತು. ಪಾಲಕ್, ಮೂಲಂಗಿ, ಬೆಂಡೆ ಗಟಾರದ ನೀರು ಕುಡಿದು ಎಂಥ ಸೊಂಪಾಗಿ ಬೆಳೆದವು! ಆ ನೀರಿನಲ್ಲಿ ಬದುಕಿ ಉಳಿದ ಪಾಲಕ್‌ನ ರೋಗನಿರೋಧಕ ಶಕ್ತಿಯನ್ನು ಮೊದಲು ಅಳೆಯಬೇಕಿತ್ತು.

ನಿಜವಾಗಿ ಶಕ್ತಿ ಕುಗ್ಗಿದವರು ಪರೇಲಿನಲ್ಲಿದ್ದಾರೆ. ಕ್ಯಾನ್ಸರ್ ಚಿಕಿತ್ಸೆಗೆಂದು ದೂರದ ಊರುಗಳಿಂದ ಬಂದು, ಬಾಡಿಗೆ ಕೋಣೆ ಕೈಗೆಟುಕದೆ, ಟಾಟಾ ಆಸ್ಪತ್ರೆಯ ಆಸುಪಾಸಿನ ಫುಟ್‌ಪಾತಿನಲ್ಲಿ ಮಲಗುವವರು. ಕಿಮೋ ಆಗಿ ಬಿಳಿ ರಕ್ತಕಣ ಇಳಿದವರಿಗೆ ತೊಳೆಯದ ಹಸಿ ಸೊಪ್ಪನ್ನು ಬಾಯಿಗಿಡಬೇಡಿ, ಚೆನ್ನಾಗಿ ಬೇಯಿಸಿದ್ದನ್ನೇ ತಿನ್ನಿ ಎಂದು ವೈದ್ಯರು ಎಚ್ಚರಿಸುತ್ತಾರೆ. ಯಾವ ನೀರಿನಲ್ಲಿ ತೊಳೆಯಬೇಕು? ಯಾವ ಒಲೆಯ ಮೇಲೆ ಬೇಯಿಸಬೇಕು? ಬೆಳೆಗೆ ಗಟಾರದ ನೀರು, ರೋಗಿಗೆ ರಸ್ತೆಯ ಬದಿ, ಮತ್ತು ಇದೆಲ್ಲದರ ಪರಿಹಾರ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ನಾವು ಕೊಳ್ಳಬೇಕಾದ ಒಂದು ಡಬ್ಬಿ ಪುಡಿ. ನಗಲಿಕ್ಕೂ ಬೇಸರವಾಗುತ್ತದೆ.

ಭಾನುವಾರ ನಮ್ಮ ಸೊಸೈಟಿಯಲ್ಲಿ ಇದೇ ವಿಷಯದ ಮೇಲೆ ಉಪನ್ಯಾಸವಿದೆ. ಪುಡಿ ಮಾರುವವರೇ ಭಾಷಣಕಾರರು. ಪ್ರಶ್ನೋತ್ತರಕ್ಕೆ ಸಮಯ ಇಟ್ಟಿಲ್ಲವಂತೆ, ಬಟಾಟೆ ವಡೆ ಆರಿಹೋಗುತ್ತದೆ ಎಂದು.