ಬಲೆ

ನಿನ್ನೆ ರಾತ್ರಿ ಹನ್ನೊಂದು ಗಂಟೆಗೆ ಮನೆ ಮುಟ್ಟಿದೆವು. ಡಿಕ್ಕಿಯಲ್ಲಿ ಐಸ್ ತುಂಬಿದ ಡಬ್ಬ, ಡಬ್ಬದೊಳಗೆ ಎರಡು ಕಿಲೋ ಬಂಗುಡೆ, ಸಂಪಾಜೆ ಘಾಟಿಯುದ್ದಕ್ಕೂ ಮಳೆ, ನನ್ನ ತಲೆಯೊಳಗೆ ಒಂದೇ ಮಾತು. ಬೆಳಿಗ್ಗೆ ಎದ್ದು ತೋಟಕ್ಕೆ ಒಂದು ಸುತ್ತು ಹೋಗಿ ಬಂದರೂ ಅದು ಇಳಿಯಲಿಲ್ಲ. ಬರೆದು ಹಾಕಿಬಿಡುತ್ತೇನೆ. ಭಾವ ಓದುತ್ತಾರೆ, ಓದಲಿ.

ಮಾತು ಇದು: "ಇಲ್ಲಿ ನೋಡುವುದಕ್ಕೆ ಏನಿದೆ?"

ಕೇಳಿದ್ದು ಭಾವ. ಕೇಳಿದ ಜಾಗ ತೋಟಬೆಂಗ್ರೆ. ನನ್ನ ಮಂಗಳೂರು ಕಾಲೇಜಿನ ಮೂರು ವರ್ಷದ ಪುರಾಣ ನಿಮಗೆಲ್ಲ ಬಾಯಿಪಾಠವಾಗಿರಬೇಕು, ಹಾಗಾಗಿ ಆ ಊರು ನನಗೆ ಏನು ಎಂದು ಮತ್ತೆ ಹೇಳುವುದಿಲ್ಲ. ಗೊತ್ತಿಲ್ಲದವರಿಗೆ ಇಷ್ಟು: ಪಡುವಣಕ್ಕೆ ಅರಬ್ಬಿ ಸಮುದ್ರ, ಮೂಡಣಕ್ಕೆ ಫಲ್ಗುಣಿ ಹೊಳೆ, ನಡುವೆ ಒಂದು ಮರಳಿನ ಪಟ್ಟಿ. ಆ ಪಟ್ಟಿಯ ತೆಂಕಣ ತುದಿಯಲ್ಲಿ ಅಳಿವೆ. ನೇತ್ರಾವತಿಯೂ ಫಲ್ಗುಣಿಯೂ ಒಂದೇ ಬಾಗಿಲಿನಿಂದ ಕಡಲಿಗೆ ಇಳಿಯುವ ಜಾಗ ಅದು. ಹೊಳೆಯ ಆಚೆ ಕಣ್ಣೆದುರಿಗೇ ಮಂಗಳೂರಿನ ಬಂದರು, ಮೀನು ಇಳಿಸುವ ದಕ್ಕೆ. ದೋಣಿಯಲ್ಲಿ ಕುಳಿತರೆ ಒಂದು ಬೀಡಿ ಸೇದಿ ಮುಗಿಸುವಷ್ಟರಲ್ಲಿ ಪೇಟೆ. ಪೇಟೆಯಿಂದ ಬೆಂಗ್ರೆಗೆ ರಸ್ತೆಯಲ್ಲೇ ಹೋಗುತ್ತೇನೆ ಎಂದರೆ ಬಡಗಣಕ್ಕೆ ಕೂಳೂರು ಸೇತುವೆಯವರೆಗೆ ಹೋಗಿ, ತಣ್ಣೀರುಬಾವಿಯ ದಾರಿಯಲ್ಲಿ ಅಷ್ಟೇ ದೂರ ವಾಪಸು ಬರಬೇಕು. ಕಾಗದದಲ್ಲಿ ಇದು ಮಹಾನಗರ ಪಾಲಿಕೆಗೆ ಸೇರಿದ ಜಾಗ. ಅಲ್ಲಿಯ ಹೆಂಗಸರು ಮಾತ್ರ ಇವತ್ತಿಗೂ ದೋಣಿ ಹತ್ತುವಾಗ "ಮಂಗಳೂರಿಗೆ ಹೋಗಿ ಬರುತ್ತೇನೆ" ಎನ್ನುತ್ತಾರೆ. ನಗರದೊಳಗಿದ್ದೂ ನಗರಕ್ಕೆ ಹೋಗಿ ಬರುವವರು.

ತೋಟಬೆಂಗ್ರೆಯಲ್ಲಿ ಮೊಗವೀರರು ಹೆಚ್ಚು, ಪಕ್ಕದ ಕಸಬಾ ಬೆಂಗ್ರೆಯಲ್ಲಿ ಮುಸ್ಲಿಮರು ಹೆಚ್ಚು. ಇಬ್ಬರ ಅನ್ನವೂ ಅದೇ ಕಡಲಿನಲ್ಲಿ. ಅಲ್ಲಿಗೆ ಬಂದು ಭಾವ ಕಾರಿನ ಗಾಜು ಇಳಿಸಿ, ಮೂಗು ಸ್ವಲ್ಪ ಮೇಲೆತ್ತಿ, ಕೇಳಿದರು: ನೋಡುವುದಕ್ಕೆ ಏನಿದೆ?

ಕಾರು ನಿಂತದ್ದು ಬಲೆಯ ಮೇಲೆ.

ಇದನ್ನು ನಿಧಾನವಾಗಿ ಹೇಳಬೇಕು. ಮೇ ತಿಂಗಳ ಕೊನೆಯ ಭಾನುವಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವ ಹಾಗಿಲ್ಲ. ಹಾಗಾಗಿ ಈ ಹೊತ್ತಿನಲ್ಲಿ ದೋಣಿಯಿಂದ ಬಲೆ ಇಳಿಸುತ್ತಾರೆ, ಹರವುತ್ತಾರೆ, ಹರಿದಲ್ಲಿ ಹೊಲಿಯುತ್ತಾರೆ. ರಸ್ತೆಯ ಬದಿಯ ಮರಳಿನ ಮೇಲೆ ನೀಲಿ ನೈಲಾನ್ ಬಲೆ ಉದ್ದಕ್ಕೆ ಬಿದ್ದಿತ್ತು, ಸೀಸದ ಗುಂಡುಗಳು ಒಂದು ಅಂಚಿನಲ್ಲಿ, ತೇಲುವ ಬಿಲ್ಲೆಗಳು ಇನ್ನೊಂದು ಅಂಚಿನಲ್ಲಿ. ಅದರ ಕೊನೆಯಲ್ಲಿ ಒಬ್ಬರು ಅಜ್ಜ ಕುಳಿತಿದ್ದರು. ಬಲೆಯ ಅಂಚನ್ನು ಕಾಲಿನ ಹೆಬ್ಬೆರಳಿಗೆ ಸಿಕ್ಕಿಸಿ ಬಿಗಿಮಾಡಿಕೊಂಡು, ನೂಲು ಸುತ್ತಿದ ಚಪ್ಪಟೆ ಸೂಜಿಯನ್ನು ಕಣ್ಣಿಂದ ಕಣ್ಣಿಗೆ ದಾಟಿಸಿ ಗಂಟು ಹಾಕುತ್ತಿದ್ದರು. ಕಣ್ಣು ಬಲೆಯ ಮೇಲೆ ಇರಲೇ ಇಲ್ಲ, ಸಮುದ್ರದ ಕಡೆಗಿತ್ತು. ಬೆರಳೇ ನೋಡಿಕೊಳ್ಳುತ್ತಿತ್ತು. ಕೊಡಗಿನ ಕೆಎ 12 ನಂಬರಿನ ನಮ್ಮ ಗಾಡಿಯ ಎಡಗಡೆಯ ಎರಡೂ ಚಕ್ರ ಅದರ ಮೇಲೆ ಹತ್ತಿದಾಗ ಹೆಬ್ಬೆರಳಿನ ಬಲೆ ಎಳೆಯಿತು, ಅಜ್ಜ ತಿರುಗಿದರು.

ಈಗ ಹೋದ ಜನವರಿಯನ್ನು ನೆನಪು ಮಾಡಿಕೊಳ್ಳಿ. ಭಾವನ ಮನೆಯ ಕಣದಲ್ಲಿ ರೋಬಸ್ಟಾ ಒಣಗಲು ಹಾಕಿತ್ತು. ಪಕ್ಕದ ಹೋಂಸ್ಟೇಗೆ ಬಂದ ಬೆಂಗಳೂರಿನ ಗಾಡಿಯೊಂದು ದಾರಿ ತಪ್ಪಿ ಒಳಗೆ ನುಗ್ಗಿ, ತಿರುಗಿಸಿಕೊಳ್ಳಲು ಸೀದಾ ಕಾಫಿಯ ಮೇಲೆ ಹತ್ತಿತು. ಇಳಿದವನೊಬ್ಬ ಕೇಳಿದ ಮಾತು ಇಡೀ ಮಡಿಕೇರಿಗೆ ಗೊತ್ತಾಯಿತು, ಏಕೆಂದರೆ ಭಾವ ಅದನ್ನು ಇಲ್ಲೇ, ಇದೇ ಫೇಸ್‌ಬುಕ್ಕಿನಲ್ಲಿ, ಮೂರು ಪುಟ ಬರೆದರು. "ಸಾರ್, ಇಲ್ಲಿ ನೋಡೋದಕ್ಕೆ ಏನಿದೆ?" ಎಂದು ಕೇಳಿದನಂತೆ. ನಾವೆಲ್ಲ ಕುದಿದೆವು. ವರ್ಷದ ಬೆಳೆಯ ಮೇಲೆ ಚಕ್ರ ಹತ್ತಿಸಿ ನಿಂತು ನೋಡುವುದಕ್ಕೆ ಏನಿದೆ ಎಂದು ಕೇಳುತ್ತಾರಲ್ಲ, ಇವರಿಗೆ ಊರು ಎಂದರೆ ಏನು ಎಂದು ಗೊತ್ತಿದೆಯೇ ಎಂದು ಭಾವ ಬರೆದಿದ್ದರು. ಹಂಚಿಕೊಂಡವರಲ್ಲಿ ನಾನೂ ಒಬ್ಬ. ಈಗಲೂ ನನ್ನ ಗೋಡೆಯ ಮೇಲೆ ಇದೆ, ಬೇಕಾದವರು ಹುಡುಕಿ ಓದಿ.

ಐದು ತಿಂಗಳು ಆಗಿಲ್ಲ.

ನೋಡುವುದಕ್ಕೆ ಏನಿದೆ ಎಂದರೆ, ಭಾವ, ಹೇಳುತ್ತೇನೆ. ನಮ್ಮ ಪುಷ್ಪಗಿರಿ ಬೆಟ್ಟದ ಪಡುವಣ ಮೈಗೆ ಬೀಳುವ ಮಳೆ ಎಲ್ಲಿಗೆ ಹೋಗುತ್ತದೆ ಎಂದು ಯೋಚಿಸಿದ್ದೀರಾ? ನಮಗೆ ಕಾವೇರಿ ಒಬ್ಬಳೇ ಹೊಳೆ, ಅವಳು ಮೂಡಣಕ್ಕೆ ಹೋದಳು, ಕಥೆ ಮುಗಿಯಿತು. ಆದರೆ ಪುಷ್ಪಗಿರಿಯ ಆ ಮಳೆಯನ್ನು ಹೊತ್ತ ಕುಮಾರಧಾರೆ ಸುಬ್ರಹ್ಮಣ್ಯವನ್ನು ಬಳಸಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡಿ ಇದೇ ಅಳಿವೆಗೆ ಬರುತ್ತದೆ. ನೀವು ಕಾರು ನಿಲ್ಲಿಸಿದ ಜಾಗದಿಂದ ತೆಂಕಣಕ್ಕೆ ನಡೆದಿದ್ದರೆ ನಮ್ಮ ಬೆಟ್ಟದ ಕೆಂಪು ನೀರು ಕಡಲಿನ ನೀರಿಗೆ ಸೇರುವ ಗೆರೆಯನ್ನೇ ನೋಡಬಹುದಿತ್ತು. ಜುಲೈಯಲ್ಲಿ ಅದು ಕಣ್ಣಿಗೆ ಹೊಡೆಯುವ ಹಾಗೆ ಕಾಣುತ್ತದೆ. ನಮ್ಮ ಕಕ್ಕಡ ತಿಂಗಳು, ತುಳುವರ ಆಟಿ ತಿಂಗಳು, ಹೆಚ್ಚುಕಡಿಮೆ ಅದೇ ದಿನಗಳು. ನಾವು ಮದ್ದುಸೊಪ್ಪಿನ ಪಾಯಸ ಉಣ್ಣುತ್ತೇವೆ, ಅವರು ಆಟಿ ಅಮಾವಾಸ್ಯೆಯಂದು ಪಾಲೆ ಮರದ ತೊಗಟೆಯ ಕಷಾಯ ಕುಡಿದು ಮುಖ ಕಿವುಚುತ್ತಾರೆ. ಮಳೆಗೆ ಹೆದರಿ ಒಳಗೆ ಕುಳಿತವರ ಮದ್ದು ಎರಡೂ. ಪಾಯಸ ನಮ್ಮ ಪಾಲಿಗೆ ಬಂದದ್ದು ಪುಣ್ಯ.

ಕಾಲೇಜಿನ ದಿನಗಳಲ್ಲಿ ಭಾನುವಾರಗಳನ್ನು ನಾನು ಗೆಳೆಯನ ಮನೆಯಲ್ಲಿ ಕಳೆಯುತ್ತಿದ್ದೆ. ಅವನ ಅಮ್ಮ ಬೆಳಗಿನ ದೋಣಿಯಲ್ಲಿ ದಕ್ಕೆಗೆ ಹೋಗಿ, ಏಲಂನಲ್ಲಿ ಮೀನು ಹಿಡಿದು, ಬುಟ್ಟಿ ತಲೆಯ ಮೇಲೆ ಹೊತ್ತು ಪೇಟೆಯಲ್ಲಿ ಮಾರಿ, ಮಧ್ಯಾಹ್ನದ ದೋಣಿಗೆ ವಾಪಸು. ಮೊದಲ ಸಲ ಅಂಗಳಕ್ಕೆ ಹೋದಾಗ ಅವರು ನಮ್ಮಿಬ್ಬರನ್ನೂ ನೋಡಿ "ಬಲೆ, ಬಲೆ" ಎಂದರು. ನಾನು ಕಾಲಕೆಳಗೆ ನೋಡಿದೆ. ಬಲೆ ತುಳಿದುಬಿಟ್ಟೆನೇನೋ ಎಂದುಕೊಂಡೆ. ಗೆಳೆಯ ಹೊಟ್ಟೆ ಹಿಡಿದುಕೊಂಡು ನಕ್ಕ. ತುಳುವಿನಲ್ಲಿ ಬಲೆ ಎಂದರೆ ಮೀನಿನ ಬಲೆಯೂ ಹೌದು, ಬನ್ನಿ ಎಂದು ಕರೆಯುವುದೂ ಹೌದು. ಮನೆಯಲ್ಲಿ ಅರೆಭಾಷೆ ಆಡುವವನ ತುಳು ಪಾಠ ಶುರುವಾದದ್ದು ಹೀಗೆ. ಅಲ್ಲಿಂದ ಮುಂದೆ ಹೆಚ್ಚು ಬೆಳೆಯಲೂ ಇಲ್ಲ, ಬಿಡಿ.

ಒಂದು ಸಂಜೆ ಕೈರಂಪಣಿ ಎಳೆಯುತ್ತಿದ್ದರು. ಬಲೆಯ ಒಂದು ತುದಿಯ ಹಗ್ಗ ದಡದಲ್ಲಿ, ದೋಣಿ ಕಡಲಿಗೆ ಹೋಗಿ ಅರ್ಧಚಂದ್ರವಾಗಿ ಬಲೆ ಬಿಟ್ಟು ಬಂದು ಇನ್ನೊಂದು ತುದಿಯನ್ನು ದೂರದಲ್ಲಿ ದಡಕ್ಕೆ ಕೊಡುತ್ತದೆ. ಆಮೇಲೆ ಎರಡೂ ಕಡೆ ಜನ ಸಾಲಾಗಿ ನಿಂತು ಎಳೆಯಬೇಕು, ಎಳೆಯುತ್ತ ಎರಡೂ ಸಾಲು ಹತ್ತಿರವಾಗಬೇಕು. ಹಿಂದಿನ ಕಾಲದ ದೊಡ್ಡ ರಂಪಣಿಗೆ ಇಡೀ ಪಟ್ಣವೇ, ಅಂದರೆ ಮೊಗವೀರರ ಕೇರಿಯೇ, ಇಳಿಯುತ್ತಿತ್ತು. ಎಪ್ಪತ್ತರ ದಶಕದ ಕೊನೆಯಲ್ಲಿ ಮೀನಿನ ಹಿಂಡನ್ನೇ ಬಲೆಯಿಂದ ಸುತ್ತುವ ಪರ್ಸೀನ್ ದೋಣಿಗಳು ಬಂದ ಮೇಲೆ ಅದು ಹೋಯಿತು, ಉಳಿದದ್ದು ಈ ಸಣ್ಣದು. ನಾನು ಸುಮ್ಮನೆ ನಿಂತು ನೋಡುತ್ತಿದ್ದೆ. ಯಾರೋ ಹಗ್ಗವನ್ನು ನನ್ನ ಕೈಗೆ ಕೊಟ್ಟರು. ಅರ್ಧ ಗಂಟೆ ಎಳೆದಿರಬಹುದು, ಅಂಗೈ ಸಿಪ್ಪೆ ಎದ್ದಿತು. ಕೊನೆಗೆ ಮೀನು ಪಾಲು ಮಾಡುವಾಗ ನನ್ನ ಕಾಲ ಬುಡಕ್ಕೂ ಬೊಗಸೆಯಷ್ಟು ಬೂತಾಯಿ ಬಿತ್ತು. ಯಾರ ಮಗ, ಯಾವ ಊರು ಎಂದು ಯಾರೂ ಕೇಳಲಿಲ್ಲ. ಹಗ್ಗ ಹಿಡಿದವನಿಗೆ ಸಾರಿನ ಮೀನು, ಅಷ್ಟೇ ಲೆಕ್ಕ.

ಹಾಗಾಗಿ ಆ ಊರನ್ನು ಬೀಚ್ ಎಂದು ಕರೆದರೆ ನನಗೆ ಉರಿಯುತ್ತದೆ. ಭಾವನ ಮೊಬೈಲಿನ ನಕ್ಷೆಯೂ ಹಾಗೆಯೇ ತೋರಿಸುತ್ತಿತ್ತು: ಅಲ್ಲೊಂದು ಬೀಚ್, ಇಲ್ಲೊಂದು ಬೀಚ್, ಪಣಂಬೂರು ಬೀಚ್, ತಣ್ಣೀರುಬಾವಿ ಬೀಚ್. ಪಣಂಬೂರು ಎಂಬುದು ಗದ್ದೆ, ತೆಂಗು, ಮನೆ, ದೈವದ ಗುಡಿ ಇದ್ದ ಊರು. ನವಮಂಗಳೂರು ಬಂದರಿಗೆಂದು ಆ ಜಾಗ ಹೋಯಿತು, ಜನ ಕಾಟಿಪಳ್ಳಕ್ಕೆ ಹೋದರು, 1975ರಲ್ಲಿ ಬಂದರಿನ ಉದ್ಘಾಟನೆಯಾಯಿತು. ಈಗ ಹೆಸರು ಉಳಿದಿರುವುದು ಹಡಗಿಗೆ, ಕಾರ್ಖಾನೆಗೆ, ಗಾಳಿಪಟ ಹಾರಿಸುವವರಿಗೆ. ಬೆಂಗ್ರೆಯವರು ಮನೆಯಡಿಯ ಜಾಗದ ಹಕ್ಕುಪತ್ರಕ್ಕಾಗಿ ಎಷ್ಟು ವರ್ಷ ಅಲೆದರು ಎಂದು ಗೆಳೆಯನ ಅಪ್ಪ ಹೇಳುತ್ತಿದ್ದರು. ಅಜ್ಜನ ಕಾಲದಿಂದ ಕುಳಿತ ಮರಳು, ಕಾಗದ ಮಾತ್ರ ಇಲ್ಲ. ಊರನ್ನು ಬೀಚ್ ಎಂದು ಕರೆಯುವುದು ಎಷ್ಟು ಅನುಕೂಲ ಗೊತ್ತೇ? ಬೀಚಿನಲ್ಲಿ ಯಾರೂ ವಾಸ ಮಾಡುವುದಿಲ್ಲವಲ್ಲ.

ಪ್ರವಾಸಿಗರಿಂದ ಅವರಿಗೂ ನಾಲ್ಕು ಕಾಸು ಸಿಗುತ್ತದೆ, ಅಲ್ಲಿನ ಹುಡುಗರೇ ಬೀಚ್ ಬೇಕು ಎನ್ನುತ್ತಾರೆ ಎಂದು ವಾಪಸು ಬರುವಾಗ ಪುತ್ತೂರಿನ ಹತ್ತಿರ ಭಾವ ವಾದ ಹೂಡಿದರು. ಸಿಗುತ್ತದೆ, ಒಪ್ಪಿದೆ. ಚುರುಮುರಿ ಗಾಡಿಯವನಿಗೆ ಸಿಗುತ್ತದೆ, ಎಳನೀರಿನವನಿಗೆ ಸಿಗುತ್ತದೆ. ಪಡುಬಿದ್ರಿಯ ಕಡಲತಡಿಗೆ 2020ರಲ್ಲಿ ಚೊಕ್ಕ ಬೀಚಿಗೆ ಕೊಡುವ ನೀಲಿ ಬಾವುಟದ (ಬ್ಲೂ ಫ್ಲಾಗ್) ಮನ್ನಣೆ ಬಂತು, ಚೊಕ್ಕಟವಾಗಿದೆ, ಸಂತೋಷ. ಆದರೆ ನಾವು ಮಂಗಳೂರಿಗೆ ಇಳಿಯುವಾಗ ಚಿಪ್ಸ್, ನೀರು, ಚಪಾತಿ, ಕೋಳಿಸಾರು, ಕೊನೆಗೆ ಕಾಗದದ ತಟ್ಟೆಯನ್ನೂ ಮನೆಯಿಂದಲೇ ಒಯ್ದಿದ್ದೆವಲ್ಲ ಭಾವ, ನಾಲ್ಕು ಕಾಸು ಯಾರಿಗೆ ಸಿಕ್ಕಿತು? ನಮ್ಮ ಅಬ್ಬಿ ಜಲಪಾತದ ದಾರಿಯಲ್ಲಿ ಬಿಯರ್ ಬಾಟಲಿ ಎಸೆಯುವವರೂ ಇದೇ ನಾಲ್ಕು ಕಾಸಿನ ಮಾತು ಹೇಳುತ್ತಾರೆ, ಆಗ ನೀವು ಕೋವಿ ತೆಗೆಯುತ್ತೇನೆ ಎನ್ನುತ್ತೀರಿ.

2018ರ ಆಗಸ್ಟ್‌ನಲ್ಲಿ ಜೋಡುಪಾಲದಲ್ಲಿ ಗುಡ್ಡ ಕುಸಿದಾಗ ನಮ್ಮವರನ್ನು ಘಾಟಿಯ ಕೆಳಗಿನವರು ಕರೆದು ಕೂರಿಸಿ ಉಣಿಸಿದರು. ನೀರು ಇಳಿದ ಮೇಲೆ ಕುಸಿದ ಗುಡ್ಡದ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳಲೂ ಜನ ಬಂದರು. ಅದನ್ನು ನಾವು ಯಾರೂ ಮರೆತಿಲ್ಲ, ಮರೆಯಬಾರದು ಕೂಡ. ಉಳ್ಳಾಲದಲ್ಲಿ ಕಡಲಕೊರೆತಕ್ಕೆ ಮನೆ ಬೀಳುವಾಗ ಗೋಡೆ ಕುಸಿಯುವ ಗಳಿಗೆಗಾಗಿ ಮೊಬೈಲ್ ಹಿಡಿದು ಕಾಯುವವರ ಗಾಡಿಗಳಲ್ಲಿ ಕೆಎ 12 ಒಂದೂ ಇರುವುದಿಲ್ಲ ಎಂದು ಪ್ರಮಾಣ ಮಾಡಿ ಹೇಳಬಲ್ಲಿರಾ? ನಾನು ಹೇಳಲಾರೆ.

ಇಷ್ಟೆಲ್ಲ ಬರೆಯುವ ನಾನು ಆ ಹೊತ್ತಿನಲ್ಲಿ ಏನು ಮಾಡಿದೆ ಎಂದು ಕೇಳುತ್ತೀರಿ. ಕೇಳಿ. ಹಿಂದಿನ ಸೀಟಿನಲ್ಲಿ ಕಿಟಕಿಯ ಪಕ್ಕ, ಅಂದರೆ ಎಡಗಡೆಗೇ, ಕುಳಿತಿದ್ದೆ. ಬಲೆ ಕಂಡಿತ್ತು, ಚಕ್ರ ಹತ್ತುವ ಮೊದಲೇ ಕಂಡಿತ್ತು. ಅಕ್ಕನ ಗಂಡನಿಗೆ ಅಕ್ಕನ ಎದುರಿಗೆ ಗಾಡಿ ಓಡಿಸುವುದು ಹೇಳಿಕೊಡುವುದು ಹೇಗೆ ಎಂದು ನುಂಗಿಕೊಂಡೆ. ಬೊಗಸೆ ಬೂತಾಯಿ ಪಾಲು ಪಡೆದ ಮನುಷ್ಯ ಸುಮ್ಮನೆ ಕುಳಿತಿದ್ದ. ಇಪ್ಪತ್ತೇಳು ವರ್ಷದ ನಂತರ ಬೆಂಗ್ರೆಗೆ ಹೋದವನು ದೋಣಿಯಲ್ಲಿ ಹೋಗದೆ, ಏಸಿ ಹಾಕಿದ ಕಾರಿನಲ್ಲಿ ಹೋದದ್ದೇ ಮೊದಲ ತಪ್ಪು. ಗೆಳೆಯ ಈಗ ದುಬೈಯಲ್ಲಿದ್ದಾನೆ. ಅವನ ಅಮ್ಮ ಹೋಗಿ ಆರು ವರ್ಷವಾಯಿತು, ನನಗೆ ಗೊತ್ತಾದದ್ದು ವಾಟ್ಸ್ಆ್ಯಪ್‌ನಲ್ಲಿ.

ಅಜ್ಜ ಎದ್ದು ಬಂದರು. ಬೈಯುತ್ತಾರೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. ಗಾಡಿ ಸ್ವಲ್ಪ ಹಿಂದೆ ಹೋಗಲಿ ಎಂದು ಕೈಯಲ್ಲೇ ಹೇಳಿದರು. ಭಾವ ಹಿಂದೆ ತೆಗೆದರು. ಅಜ್ಜ ಬಗ್ಗಿ ಬಲೆಯನ್ನು ಎತ್ತಿ, ಬೆಳಕಿಗೆ ಹಿಡಿದು, ಹರಿದ ಕಣ್ಣುಗಳನ್ನು ಬೆರಳಿನಿಂದ ಒಂದೊಂದಾಗಿ ಮುಟ್ಟಿ ನೋಡಿದರು. ನಾನೂ ಇಳಿದೆ, ಭಾವನೂ ಇಳಿದರು. ಏನೆನಿಸಿತೋ ಆ ಅಜ್ಜನಿಗೆ, ಮಕ್ಕಳ ಮುಖ ನೋಡಿದರೋ, ಬಿಸಿಲು ನೋಡಿದರೋ, ಹಿಂದಿನ ಮನೆಯ ಕಡೆಗೆ ಕೈ ತೋರಿಸಿ ಹೇಳಿದರು:

"ಬಲೆ, ಚಾ ಪರ್ಕ."

ಭಾವ ಪ್ಯಾಂಟಿನ ಜೇಬಿಗೆ ಕೈ ಹಾಕಿ ಪರ್ಸು ತೆಗೆದು ಕೇಳಿದರು, "ಬಲೆಗೆ ಎಷ್ಟು ಆಗುತ್ತದೆ?"

ಅಜ್ಜನಿಗೆ ಅರ್ಥವಾಗಲಿಲ್ಲ. ಮತ್ತೆ "ಬಲೆ" ಎಂದರು. ಭಾವ ಐನೂರರ ಎರಡು ನೋಟು ಹಿಡಿದರು. ಅಜ್ಜ ನೋಟನ್ನು ನೋಡಿ, ಭಾವನನ್ನು ನೋಡಿ, ಏನೂ ಹೇಳದೆ ಹೋಗಿ ಕುಳಿತು ಹೆಬ್ಬೆರಳಿಗೆ ಬಲೆ ಸಿಕ್ಕಿಸಿಕೊಂಡರು. ಅದು ಟೀಗೆ ಕರೆದದ್ದು ಎಂದು ನಾನು ಭಾವನಿಗೆ ಹೇಳಿದ್ದು ಯಾವಾಗ ಗೊತ್ತೇ? ಕೂಳೂರು ಸೇತುವೆ ದಾಟಿದ ಮೇಲೆ. "ಹೌದಾ?" ಎಂದರು. ಸುಳ್ಯ ಬರುವವರೆಗೆ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಸುಳ್ಯದಲ್ಲಿ ಡೀಸೆಲ್ ಹಾಕಿಸುವಾಗ ಇಳಿದು ಎಡಗಡೆಯ ಚಕ್ರದ ಹತ್ತಿರ ಬಗ್ಗಿ ನೋಡುತ್ತಿದ್ದರು, ನಾನು ಕನ್ನಡಿಯಲ್ಲಿ ಕಂಡೆ.

ಭಾವ, ಮೀನನ್ನು ನಾನೇ ತೊಳೆದು ಇಟ್ಟಿದ್ದೇನೆ. ಸಂಜೆ ಅಕ್ಕನನ್ನು ಕರೆದುಕೊಂಡು ಬನ್ನಿ. ಬರುವಾಗ ಗಾಡಿಯನ್ನು ಕಣಕ್ಕೆ ತರಬೇಡಿ, ಕಾಳುಮೆಣಸು ಹರವಿದೆ.