ಹುಣಸೆ ಬೀಜ ತೇಯುವ ಹೋಂವರ್ಕ್

ಹೋದ ವಾರ ನಮ್ಮ ಎರಡನೇ ಕ್ಲಾಸಿನ ಹುಡುಗಿಯೊಬ್ಬಳ ಅಪ್ಪ ಶಾಲೆಗೆ ಬಂದಿದ್ದರು. ದಾವಣಗೆರೆ ಎಪಿಎಂಸಿಗೆ ಮೆಕ್ಕೆಜೋಳ ಹಾಕಿ ವಾಪಸ್ ಬರುತ್ತಾ ಶಾಲೆ ಮುಂದೆ ಟ್ರ್ಯಾಕ್ಟರ್ ನಿಲ್ಲಿಸಿದ್ದರು. ಒಳಗೆ ಬನ್ನಿ ಅಂದರೂ ಬರಲಿಲ್ಲ. ಬಾಗಿಲಲ್ಲೇ ನಿಂತು, "ಅಲ್ರೀ ಮೇಡಂ, ನಮ್ ಹುಡುಗಿ ಎರಡು ದಿನದಿಂದ ಬಂಡೆ ಮೇಲೆ ಹುಣಸೆ ಬೀಜ ತೇಯ್ತಾ ಕುಂತಾಳೆ. ಕೇಳಿದ್ರೆ ಹೋಂವರ್ಕ್ ಅಂತಾಳೆ. ಇದೆಂಥ ಲೆಕ್ಕ ರೀ?" ಅಂದರು. ಸಿಟ್ಟೇನೂ ಇರಲಿಲ್ಲ. ಪಕ್ಕದ ಮನೆಯ ಕಾನ್ವೆಂಟ್ ಹುಡುಗ ಆಗಲೇ ಮೂರಂಕಿ ಕೂಡುತ್ತಾನಂತೆ, ಅದು ಚಿಂತೆ.

ಟ್ರ್ಯಾಕ್ಟರ್ ಆಫ್ ಮಾಡಿರಲಿಲ್ಲ, ಹಾಗಾಗಿ ಅವರಿಗೆ ಅರ್ಧ ಮಾತ್ರ ಹೇಳಿದೆ. ಉಳಿದಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತೆ.

ಚೌಕಾಬಾರ ಆಡಿದವರಿಗೆ ಈ ಬೀಜ ಗೊತ್ತು. ಹುಣಸೆ ಬೀಜದ ಒಂದು ಮೈ ಕಲ್ಲಿಗೆ ತೇಯ್ದರೆ ಕಪ್ಪು ಸಿಪ್ಪೆ ಹೋಗಿ ಬಿಳಿ ಕಾಣುತ್ತದೆ. ಕವಡೆ ಇಲ್ಲದ ಮನೆಯಲ್ಲಿ ಅದೇ ಕವಡೆ. ನಾನು ಮಗುವಿಗೆ ಅಂಥ ಹತ್ತು ಬೀಜ ಕೊಡುತ್ತೇನೆ. ಕೈಯಲ್ಲಿ ಕುಲುಕಿ ನೆಲಕ್ಕೆ ಎಸೆಯಬೇಕು. ಕಪ್ಪೆಷ್ಟು, ಬಿಳಿಯೆಷ್ಟು? ಮೊದಲ ದಿನ ಎರಡನ್ನೂ ಎಣಿಸುತ್ತಾರೆ. ಕಪ್ಪು ಒಂದು, ಎರಡು, ಮೂರು... ಆರು. ಬಿಳಿ ಒಂದು, ಎರಡು... ನಾಲ್ಕು. ಮತ್ತೆ ಎಸೆತ, ಮತ್ತೆ ಎಣಿಕೆ. ಮೂರನೇ ದಿನವೋ ನಾಲ್ಕನೇ ದಿನವೋ ಒಬ್ಬಳು ಕಪ್ಪು ಏಳು ಅಂತ ಎಣಿಸಿ, ಬಿಳಿ ಕಡೆ ಕಣ್ಣೂ ಹಾಯಿಸದೆ ಮೂರು ಅಂದುಬಿಡುತ್ತಾಳೆ. ನಾನು ಕಾಯುವುದು ಅದಕ್ಕೇ. ಬಾಯಿಪಾಠ ಮಾಡಿಸಿದ್ದರೂ ಏಳು ಮೂರು ಹತ್ತು ಅನ್ನುತ್ತಿದ್ದಳು. ಆದರೆ ಮೂರು ಏಳು ಎಷ್ಟು ಅಂತ ತಿರುಗಿಸಿ ಕೇಳಿದರೆ ಮತ್ತೆ ಮೊದಲಿನಿಂದ ಶುರು!

ಕೂಡಿದರೆ ಹತ್ತಾಗುವ ಇಂಥ ಅಂಕಿಗಳಿಗೆ ನಮ್ಮ ಕ್ಲಾಸಿನಲ್ಲಿ 'ಹತ್ತರ ಬೀಗರು' ಅಂತ ಹೆಸರು. ಹೆಸರಿಟ್ಟವರು ಮಕ್ಕಳೇ. ಏಳಕ್ಕೆ ಬೀಗರು ಯಾರು? ಮೂರು. ಎಂಟಕ್ಕೆ? ಎರಡು. ಐದಕ್ಕೆ? ಐದೇ. "ಒಳಗೊಳಗೇ ಸಂಬಂಧ ಟೀಚರ್" ಅಂದ ಒಬ್ಬ. ಮನೆಯಲ್ಲಿ ಯಾವ ಮದುವೆ ಮಾತುಕತೆ ನಡೆದಿತ್ತೋ ಏನೋ.

ನನ್ನದೂ ಒಂದು ತಪ್ಪು ಹೇಳಿಕೊಳ್ಳಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಬೆರಳು ಮಡಚಿ ಎಣಿಸುವ ಮಕ್ಕಳನ್ನು ಕಂಡರೆ ನನಗಾಗುತ್ತಿರಲಿಲ್ಲ. ಸ್ಕೇಲಿನಿಂದ ಬೆರಳ ಮೇಲೆ ತಟ್ಟಿದ್ದೂ ಇದೆ. ಕೈ ಬೆನ್ನ ಹಿಂದೆ ಹೋದವು, ಎಣಿಕೆ ಅಲ್ಲೇ ನಡೆಯಿತು. ಒಬ್ಬ ಹುಡುಗನಂತೂ ಎರಡೂ ಕೈ ಡೆಸ್ಕಿನ ಮೇಲಿಟ್ಟು ಕಾಲ್ಬೆರಳು ಆಡಿಸುತ್ತಿದ್ದ. ನಾನು ಬಿಡಿಸಿದ್ದು ಏನನ್ನು? ಬೆರಳು ಅವನ ಹತ್ತಿರ ಇದ್ದ ಒಂದೇ ದಾರಿ. ಬೇರೆ ದಾರಿ ತೋರಿಸದೆ ಇದ್ದ ದಾರಿಗೆ ಬೇಲಿ ಹಾಕಿದ್ದೆ.

ಬೇರೆ ದಾರಿ ಅಂದರೇನು ಅಂತ ನನಗೆ ಹೊಳೆದಿದ್ದು ಒಂದು ರಾತ್ರಿ ಹಾಳೆ ಹಿಡಿದು ಕೂತಾಗ. ಸೊನ್ನೆಯಿಂದ ಒಂಬತ್ತರವರೆಗಿನ ಅಂಕಿಗಳನ್ನು ಒಂದಕ್ಕೊಂದು ಕೂಡಿದರೆ ಒಟ್ಟು 100 ಲೆಕ್ಕ. ನೂರನ್ನೂ ಉರು ಹೊಡೆಸಬೇಕು ಅಂದರೆ ನನಗೇ ಸುಸ್ತು. ಆದರೆ 3+8, 8+3 ಎರಡೂ ಒಂದೇ ಅಂತ ಗೊತ್ತಾದರೆ ಉಳಿಯುವುದು 55. ಸೊನ್ನೆ ಕೂಡಿದರೆ ಇದ್ದದ್ದೇ ಇರುತ್ತದೆ, ಅಲ್ಲಿ ಹತ್ತು ಹೋಯಿತು. ಒಂದು ಕೂಡುವುದು ಅಂದರೆ ಮುಂದಿನ ಅಂಕಿ ಹೇಳುವುದು, ಮತ್ತೆ ಒಂಬತ್ತು ಹೋಯಿತು. ಈಗ 36. ಜೋಡಿಗಳು, ಅಂದರೆ 2+2ರಿಂದ 9+9ರವರೆಗೆ, ಎಂಟು. ಬೀಗರಲ್ಲಿ 5+5 ಜೋಡಿಯಲ್ಲೇ ಹೋಗಿದೆ, 9+1 ಆಗಲೇ ಮುಗಿದಿದೆ, ಹೊಸದು ಮೂರೇ. 25 ಉಳಿಯಿತು. 6+7, 7+8 ತರಹದ ಜೋಡಿಯ ಪಕ್ಕದವರು ಏಳು. ಆರು-ಆರು ಹನ್ನೆರಡು, ಮೇಲೊಂದು ಹದಿಮೂರು. ಮೊದಲು ಹತ್ತು ತುಂಬಿಸಿಕೊಂಡು ಕೂಡಬಹುದಾದ ಒಂಬತ್ತರವು ಇನ್ನೂ ಆರು, ಎಂಟರವು ನಾಲ್ಕು, ಎರಡು ಕೂಡುವಂಥವು ನಾಲ್ಕು. ಕಳೆಯುತ್ತಾ ಬನ್ನಿ. ಕೊನೆಗೆ ಉಳಿಯುವುದು 3+5, 3+6, 4+7, 5+7. ನಾಲ್ಕೇ ನಾಲ್ಕು! ಇದಕ್ಕಾಗಿ ಒಂದು ವರ್ಷ ಬೈದಾಡುತ್ತಿದ್ದೆನಾ ಅನ್ನಿಸಿ ನಗು ಬಂತು.

ಜೋಡಿ ಕಲಿಸುವುದು ಸುಲಭ, ಯಾಕೆಂದರೆ ಅವು ಊರು ತುಂಬಾ ಇವೆ. ಎರಡು ಆಡಿನ ಕಾಲು ಎಂಟು. ಎರಡು ಇರುವೆ ಹನ್ನೆರಡು. ಎರಡು ವಾರ ಹದಿನಾಲ್ಕು ದಿನ. ಎರಡು ಜೇಡ ಹದಿನಾರು. ಒಂಬತ್ತಕ್ಕೆ ಏನು ಅಂತ ತಲೆ ಕೆಡಿಸಿಕೊಂಡು, ಅತ್ತೆಯವರ ಒಂಬತ್ತು ಗಜದ ಸೀರೆ ತಂದೆ. ಗಜಕ್ಕೆ ಎರಡು ಮೊಳ, ಹದಿನೆಂಟು ಮೊಳ ಬರಬೇಕು. ವರಾಂಡದಲ್ಲಿ ಹಾಸಿ ಮಕ್ಕಳ ಕೈಲಿ ಮೊಳ ಹಾಕಿಸಿದೆ. ಮಕ್ಕಳ ಮೊಳ ಚಿಕ್ಕದು ಅನ್ನುವುದು ಮರೆತೇ ಹೋಗಿತ್ತು. ಇಪ್ಪತ್ತಾರು ಬಂತು. ಅವತ್ತು ಲೆಕ್ಕ ಕಮ್ಮಿ, ನಗು ಜಾಸ್ತಿ. ಸೀರೆಯ ಧೂಳಿಗೆ ಮನೆಯಲ್ಲಿ ಬೇರೆ ಲೆಕ್ಕ ಕೊಡಬೇಕಾಯಿತು.

ಒಂಬತ್ತು ಮತ್ತು ಎಂಟರ ಲೆಕ್ಕಕ್ಕೆ ನನ್ನ ನೆಚ್ಚಿನ ಸಾಮಾನು ಮೊಟ್ಟೆ ಟ್ರೇ. ಬಿಸಿಯೂಟದ ಜೊತೆ ಮೊಟ್ಟೆ ಬರುವ ಶಾಲೆಯಲ್ಲಿ ಟ್ರೇಗೆ ಬರವಿಲ್ಲ. ಮೂವತ್ತು ಮೊಟ್ಟೆಯ ಟ್ರೇಯಲ್ಲಿ ಐದೈದರ ಆರು ಸಾಲು. ಎರಡೆರಡು ಸಾಲು ಕತ್ತರಿಸಿದರೆ ಹತ್ತು ಗುಂಡಿಯ ಮೂರು ತುಂಡು. ಚನ್ನಗಿರಿ ಕಡೆಯ ನಮ್ಮ ಟೀಚರ್ ಒಬ್ಬರು ಗುಂಡಿಗೆ ಹಾಕಲು ಗೋಟಡಿಕೆ ತಂದುಕೊಟ್ಟರು. ಅಡಿಕೆ ರೇಟು ಕೇಳಿದ ಮೇಲೆ ವಾಪಸ್ ಕೊಟ್ಟು ಗೋಲಿ ತರಿಸಿದೆ. ಒಂದು ತುಂಡಿನಲ್ಲಿ ಒಂಬತ್ತು ಗೋಲಿ, ಇನ್ನೊಂದರಲ್ಲಿ ಐದು. ಒಂಬತ್ತರ ತುಂಡಿನಲ್ಲಿ ಒಂದು ಗುಂಡಿ ಖಾಲಿ, ಬಾಯಿ ತೆರೆದು ಕೂತಿರುತ್ತದೆ. ಹೇಳಿಕೊಡುವ ಮೊದಲೇ ಮಗುವಿನ ಕೈ ಐದರಿಂದ ಒಂದನ್ನು ಎತ್ತಿ ಅಲ್ಲಿ ಹಾಕುತ್ತದೆ. ಈಗ ಹತ್ತು, ಮತ್ತೆ ನಾಲ್ಕು. ಹದಿನಾಲ್ಕು.

ಇಲ್ಲಿ ನಮ್ಮ ಕನ್ನಡ ಮಾಡುವ ಉಪಕಾರ ನೋಡಿ. ಹದಿನಾಲ್ಕು ಅನ್ನುವ ಮಾತಿನಲ್ಲೇ ಹತ್ತೂ ಇದೆ, ನಾಲ್ಕೂ ಇದೆ. ಹದಿಮೂರು, ಹದಿನೈದು, ಹದಿನೇಳು, ಎಲ್ಲವೂ ಹಾಗೆಯೇ. ಟ್ರೇಯಲ್ಲಿ ಕಂಡದ್ದನ್ನು ಬಾಯಲ್ಲಿ ಹೇಳಿದರೆ ಅದೇ ಉತ್ತರ. ಎಲೆವೆನ್, ಟ್ವೆಲ್ವ್ ಅನ್ನುವಾಗ ಹತ್ತು ಎಲ್ಲಿದೆ ಹೇಳಿ? ಇಂಗ್ಲಿಷ್ ಕಲಿಯಲಿ, ಬೇಡ ಅನ್ನುವುದಿಲ್ಲ. ಆದರೆ ಆರೇಳು ವರ್ಷದ ಮಗುವಿಗೆ ಕೂಡುವುದನ್ನು ಕನ್ನಡದಲ್ಲಿ ಹೇಳಿಕೊಡದೆ ಬಿಡುವುದು ಸುಮ್ನೆ ಒಂದು ಒಳ್ಳೆ ಸಾಮಾನನ್ನು ಮೂಲೆಗೆ ಎಸೆದಂತೆ.

ಆಟದ ಸಾಮಾನು ಕೊಟ್ಟರೆ ಎಲ್ಲ ಆಯ್ತು ಅಂತ ನಾನು ಹೇಳುತ್ತಿಲ್ಲ. ಇದರಲ್ಲೂ ಒಂದು ಗುಂಡಿ ಇದೆ, ನಾನೇ ಬಿದ್ದಿದ್ದೇನೆ. 8+5 ಅಂದರೆ ಮಗು ಎಂಟು ಕಲ್ಲು ಎಣಿಸಿ, ಐದು ಕಲ್ಲು ಎಣಿಸಿ, ಎರಡನ್ನೂ ಸೇರಿಸಿ ಮತ್ತೆ ಒಂದರಿಂದ ಹದಿಮೂರರವರೆಗೆ ಎಣಿಸುತ್ತದೆ. ಉತ್ತರ ಸರಿ. ವರ್ಷವಿಡೀ ಸರಿ. ನೋಡುವವರಿಗೂ ಚೆಂದ, ಫೋಟೋ ಕೂಡ ಚೆನ್ನಾಗಿ ಬರುತ್ತದೆ. ಆದರೆ ಆ ಮಗು ಇದ್ದಲ್ಲೇ ಇದೆ.

ಹಾಗಾಗಿ ನಾನು ಒಂದು ಡಬ್ಬಿ ಇಟ್ಟುಕೊಂಡಿದ್ದೇನೆ. ಎಂಟು ಕಲ್ಲು ಮಗುವಿನ ಕೈಯಿಂದಲೇ ಡಬ್ಬಿಗೆ ಹಾಕಿಸಿ ಮುಚ್ಚಳ ಹಾಕುತ್ತೇನೆ. ಐದು ಹೊರಗೆ. ಈಗ ಒಟ್ಟು ಎಷ್ಟು? ಮೊದಲು ಮುಚ್ಚಳದ ಸಂದಿಯಲ್ಲಿ ಇಣುಕುತ್ತಾರೆ. ಆಮೇಲೆ ಡಬ್ಬಿ ಮೇಲೆ ಬೆರಳಿಂದ ಎಂಟು ಸಲ ಬಡಿಯುತ್ತಾರೆ. ಅದೂ ಒಂದು ಹಂತ, ಅವಸರ ಮಾಡಬಾರದು. ಒಂದು ದಿನ ಡಬ್ಬಿ ಮೇಲೆ ಅಂಗೈ ಇಟ್ಟು "ಎಂಟು" ಅಂದು, ಹೊರಗಿನದಕ್ಕೆ "ಒಂಬತ್ತು, ಹತ್ತು" ಅಂತ ಮುಂದೆ ಹೋಗುತ್ತಾರೆ. ಕಲ್ಲು ಕೈಗೆ ಕೊಡುವುದು ಎಷ್ಟು ಮುಖ್ಯವೋ ಹೊತ್ತು ನೋಡಿ ಮುಚ್ಚುವುದೂ ಅಷ್ಟೇ ಮುಖ್ಯ. ಈ ಎರಡನೆಯದನ್ನು ನಮಗೆ ಯಾರೂ ಒತ್ತಿ ಹೇಳುವುದಿಲ್ಲ.

ಒಬ್ಬ ಹುಡುಗ ಇದ್ದಾನೆ, ಎಣಿಸಲು ಹೇಳಿದರೆ "ಲಾಭ, ಎರಡು, ಮೂರು" ಅನ್ನುತ್ತಾನೆ. ಕಣದಲ್ಲಿ ಅಜ್ಜ ರಾಗಿ ಅಳೆಯುವಾಗ ಒಂದು ಅನ್ನದೆ ಲಾಭ ಅನ್ನುವುದನ್ನು ಕೇಳಿ ಕಲಿತದ್ದು. ನಾನು ತಿದ್ದಲಿಲ್ಲ. ಅವನ ಲೆಕ್ಕ ಸರಿಯಾಗೇ ಇದೆ.

ಇದರಲ್ಲಿ ಹೊಸದೇನೂ ಇಲ್ಲ. ಸರ್ಕಾರಿ ಶಾಲೆಗಳ ಆಡುತ್ತಾ ಕಲಿಯುವ ಪದ್ಧತಿ ನಲಿ-ಕಲಿ 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದಾಗಲೇ ಕಾರ್ಡು, ಕಲ್ಲು, ಕಡ್ಡಿ ಮಕ್ಕಳ ಕೈಗೆ ಬಂದಿದ್ದವು. 2021ರಲ್ಲಿ ಕೇಂದ್ರ ಸರ್ಕಾರದ ನಿಪುಣ್ ಭಾರತ್ ಯೋಜನೆ ಬಂತು, ಮೂರನೇ ಕ್ಲಾಸು ಮುಗಿಯುವುದರೊಳಗೆ ಓದು, ಲೆಕ್ಕ ಬರಬೇಕು ಅಂತ ಗುರಿಯೂ ಇದೆ. ಗುರಿ ಸರಿ. ಆದರೆ ಕಲಿಕೆ ಸಾಮಾನಿನ ಕಿಟ್ ಬೀರುವಿನಲ್ಲಿ ಭದ್ರವಾಗಿದ್ದು ಗೋಡೆಗೆ ಚಾರ್ಟು ಮಾತ್ರ ಅಂಟಿಸಿದ ಕ್ಲಾಸುಗಳನ್ನೂ ನೋಡಿದ್ದೇನೆ. ಕಳೆದುಹೋದರೆ ಯಾರು ಜವಾಬ್ದಾರಿ ಅನ್ನುವ ಭಯ ನನಗೂ ಅರ್ಥವಾಗುತ್ತದೆ. ಹುಣಸೆ ಬೀಜಕ್ಕೆ ಸ್ಟಾಕ್ ರಿಜಿಸ್ಟರ್ ಇಲ್ಲ ನೋಡಿ, ಅದೇ ಅದರ ದೊಡ್ಡ ಗುಣ.

ಆ ಅಪ್ಪನಿಗೆ ಅವತ್ತು ಮಗಳನ್ನೇ ಕರೆದು ತೋರಿಸಿದೆ. ಹತ್ತು ಬೀಜ ಎಸೆದಳು. ನಾನು ಬಿಳಿಯನ್ನು ಪುಸ್ತಕದಿಂದ ಮುಚ್ಚಿದೆ. ಕಪ್ಪು ನಾಲ್ಕು ಕಾಣುತ್ತಿತ್ತು. "ಒಳಗೆ ಆರು ಐತಪ್ಪ" ಅಂದಳು. ಅವರು ಬಗ್ಗಿ ಪುಸ್ತಕ ಎತ್ತಿ, ಒಂದೊಂದಾಗಿ ಬೆರಳಿಟ್ಟು ಎಣಿಸಿದರು. ಆಮೇಲೆ ಮಗಳಿಗೆ "ಇನ್ನೊಮ್ಮೆ ಹಾಕು" ಅಂದರು. ಟ್ರ್ಯಾಕ್ಟರ್ ಹೊರಗೆ ಡುಗುಡುಗು ಅನ್ನುತ್ತಲೇ ಇತ್ತು.

ಸದ್ಯಕ್ಕೆ ನನ್ನ ಕ್ಲಾಸಿನಲ್ಲಿ ಇಪ್ಪತ್ತಮೂರು ಮಕ್ಕಳು, ತಲೆಗೆ ಹತ್ತು ಬೀಜ. ಅರ್ಧಕ್ಕರ್ಧ ಆಗಲೇ ಕಳೆದಿವೆ. ದಾವಣಗೆರೆ, ಹರಿಹರದ ಸುತ್ತಮುತ್ತ ಇರುವ ಗೆಳೆಯರೇ, ಮನೆಯಲ್ಲಿ ಹುಣಸೆಹಣ್ಣು ಬಿಡಿಸಿದರೆ ಬೀಜ ಎಸೆಯಬೇಡಿ, ಒಂದು ಮೆಸೇಜ್ ಹಾಕಿ. ತೇಯುವ ಕೆಲಸ ನಮ್ಮ ಮಕ್ಕಳದು.